ಅತ್ತೆಯ ತವರಿಗೆ ಹೋಗಿ ಬಂದೆವು

ಸೋದರಿಯರೇ, ನಿಮ್ಮನ್ನೊಂದು ಮಾತು ಕೇಳುತ್ತೇನೆ. ಮದುವೆಯಾಗಿ ಇಷ್ಟು ವರ್ಷಗಳಲ್ಲಿ, ಯಾವ ಕೆಲಸವೂ ಇಲ್ಲದೆ, ಬರೀ ನೋಡಿ ಬರೋಣವೆಂದು ನೀವು ಬಸ್ಸು ಹತ್ತಿದ್ದು ಎಷ್ಟು ಸಲ? ಬೆರಳು ಮಡಚಿ ಎಣಿಸಿ ನೋಡಿ. ಮದುವೆ, ಕುಬಸ, ತೊಟ್ಟಿಲು, ಆಸ್ಪತ್ರೆ, ಮಣ್ಣು ಇವನ್ನು ಬಿಟ್ಟು ಎಣಿಸಬೇಕು. ಜಾತ್ರೆಯನ್ನೂ ಬಿಡಿ, ಅದು ದೇವರ ಕೆಲಸ. ಮಕ್ಕಳ ಶಾಲೆಯ ಕೆಲಸವನ್ನಂತೂ ಹಿಡಿಯಲೇಬೇಡಿ. ನಾನು ಹೀಗೆ ಎಣಿಸಲು ಕುಳಿತಾಗ ನನ್ನ ಒಂದು ಬೆರಳೂ ಮಡಚಲಿಲ್ಲ.

ನಮ್ಮೂರು ತುಕ್ಕಾನಟ್ಟಿ. ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕು. ಕಪ್ಪು ಮಣ್ಣಿನ ಸೀಮೆ. ಕಬ್ಬು, ಗೋವಿನಜೋಳ, ಅರಿಶಿನ ಬೆಳೆಯುತ್ತೇವೆ. ನಮ್ಮೂರಲ್ಲೊಂದು ಕೃಷಿ ವಿಜ್ಞಾನ ಕೇಂದ್ರವಿದೆ. ಎಲ್ಲೆಲ್ಲಿಯ ರೈತರೋ ಅದನ್ನು ನೋಡಲು ಬರುತ್ತಾರೆ, ಹೆಂಗಸರೂ ಗುಂಪು ಕಟ್ಟಿಕೊಂಡು ಬರುತ್ತಾರೆ. ಅವರಿಗೆಲ್ಲ ದಾರಿ ತೋರಿಸುವ ನಾವು ಮಾತ್ರ ಎಲ್ಲಿಗೂ ಹೋಗಲಿಲ್ಲ. ಗೋಕಾಕಿಗೆ ಸಂತೆಗೆ, ಅರಿವೆ ಅಂಗಡಿಗೆ ನೂರು ಸಲ ಹೋಗಿದ್ದೇನೆ. ಆದರೆ ಅಲ್ಲಿಂದ ಕೂಗಳತೆಯಲ್ಲಿರುವ ಜಲಪಾತವನ್ನು ಮಳೆಗಾಲದಲ್ಲಿ ಒಂದು ಸಲವೂ ನೋಡಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬುತ್ತೀರೇನೋ. ನಿಮ್ಮೂರ ಪಕ್ಕದಲ್ಲೂ ಅಂಥದ್ದೇನಾದರೂ ಇರಬಹುದು.

2023ರ ಜೂನ್ 11ರಂದು ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಶುರುವಾಯಿತು. ಸರಕಾರಿ ಬಸ್ಸಿನಲ್ಲಿ, ರಾಜ್ಯದೊಳಗೆ, ಹೆಂಗಸರಿಗೆ ದುಡ್ಡಿಲ್ಲದ ಪ್ರಯಾಣ. ಕಂಡಕ್ಟರಿಗೆ ಆಧಾರ ಕಾರ್ಡು ತೋರಿಸಿದರೆ ಅವರು ಶೂನ್ಯ ಟಿಕೀಟು ಹರಿದು ಕೊಡುತ್ತಾರೆ. ಮೊದಲ ವಾರದ ನೂಕುನುಗ್ಗಲನ್ನು ನೀವೂ ಕಂಡಿದ್ದೀರಿ. ಕಾಲೇಜಿಗೆ ಹೋಗುವ ಹುಡುಗರು ಬಾಗಿಲಲ್ಲಿ ಜೋತಾಡಿಕೊಂಡು ಹೋದರು. ದುಡ್ಡು ಕೊಟ್ಟ ಗಂಡಸರು ನಿಂತುಕೊಂಡೇ ಹೋದರು, ಗೊಣಗಿದರು. ಅವರ ಗೊಣಗಾಟ ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಬಸ್ಸು ಹೆಚ್ಚಾಗದೆ ಮಂದಿ ಹೆಚ್ಚಾದರೆ ಯಾರಿಗೂ ಸುಖವಿಲ್ಲ. ಆದರೆ ನನ್ನ ಮನೆಯಲ್ಲಿ ಆದದ್ದನ್ನು ನಾನು ಹೇಳಬೇಕಲ್ಲ.

ಆ ವರ್ಷ ಮಳೆ ತಡವಾಯಿತು. ಮಿರಗ ಬಂದರೂ ಮೋಡವಿಲ್ಲ. ಬಿತ್ತುವವರು ಬೀಜ ತಂದಿಟ್ಟುಕೊಂಡು ಆಕಾಶ ನೋಡುತ್ತ ಕೂತಿದ್ದರು. ಒಂದು ಸಂಜೆ ನಮ್ಮ ಮಗ ಮೊಬೈಲಿನಲ್ಲಿ ಏನೋ ನೋಡುತ್ತಿದ್ದವನು, "ಆಯೀ, ಇಲ್ಲಿ ನೋಡು, ಹಿಡಕಲ್ ಡ್ಯಾಮಿನ ನೀರು ಇಳದೈತಿ, ಮುಳುಗಿದ್ದ ವಿಠ್ಠಲನ ಗುಡಿ ಪೂರ್ತಿ ಹೊರಗ ಬಂದೈತಿ" ಎಂದು ಅಜ್ಜಿಗೆ ತೋರಿಸಿದ. ನಮ್ಮ ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಏನೂ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಅರ್ಧ ರೊಟ್ಟಿ ಬಿಟ್ಟು ಎದ್ದರು.

ಇಲ್ಲಿ ನಿಮಗೊಂದು ಸಂಗತಿ ಹೇಳಬೇಕು. ನಮ್ಮ ಅತ್ತೆಯ ತವರು ಹುಕ್ಕೇರಿ ತಾಲೂಕಿನದು. ಹಿಡಕಲ್ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ಅವರ ಊರೂ ಒಂದು. ಇದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ನಮ್ಮ ಮನೆಗೆ ಎಷ್ಟು ಬಾಗಿಲು ಎಂದು ಗೊತ್ತಿರುವಂತೆ ಗೊತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಯಾರೋ ಹೇಳಿದ್ದರು, "ನಿಮ್ಮತ್ತಿ ತವರು ಡ್ಯಾಮಿನಾಗ ಹೋತು" ಎಂದು. ನಾನು ಹೌದೇ ಎಂದು ಸುಮ್ಮನಾಗಿದ್ದೆ. ಇಪ್ಪತ್ತೈದು ವರ್ಷ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದರೂ ಆ ಊರು ಹೇಗಿತ್ತು ಎಂದು ಒಂದು ದಿನ ಕೇಳಲಿಲ್ಲ.

ಮರುದಿನ ಹಿತ್ತಿಲಲ್ಲಿ ಬಾಂಡೆ ತಿಕ್ಕುತ್ತ ನಾನೇ ಅಂದೆ, "ಅತ್ತೀ, ಹೋಗಿ ನೋಡಿ ಬರೂಣು ನಡೀರಿ."

"ಏನು ನೋಡೂದೈತಿ ಯವ್ವಾ? ಕೆಸರು."

"ಇರಲಿ. ಕೆಸರ ನೋಡೂಣು. ರೊಕ್ಕ ಕೊಡೂದಂತೂ ಇಲ್ಲ."

ಅವರು ನಕ್ಕರು. ನಕ್ಕರೆ ಒಪ್ಪಿದಂತೆಯೇ. ಎಪ್ಪತ್ತು ದಾಟಿದ ಹೆಂಗಸು, ಮೊಳಕಾಲು ನೋವಿದೆ, ಬಿಸಿಲು ಬೇರೆ. ನಮ್ಮ ಮನೆಯವರಿಗೆ ಹೇಳಿದಾಗ ಅವರು ಮೊದಲು ಕೇಳಿದ್ದು, "ಅಲ್ಲಿ ಏನು ಕೆಲಸ ಐತಿ?" ಅಂತ. ನೋಡಿದಿರಾ? ಅವರದೇನೂ ತಪ್ಪಿಲ್ಲ. ಹೆಂಗಸರು ಕೆಲಸವಿಲ್ಲದೆ ಹೊಸ್ತಿಲು ದಾಟುವುದು ನಮಗೇ ಅಭ್ಯಾಸವಿಲ್ಲ, ಅವರಿಗೆಲ್ಲಿ ಬರಬೇಕು? ನಾನು "ಕೆಲಸ ಇಲ್ಲ, ಅತ್ತಿಗೆ ತವರು ತೋರಿಸಾಕ" ಎಂದಾಗ ಅವರು ಬಹಳ ಹೊತ್ತು ಹಗ್ಗ ಹೊಸೆಯುತ್ತ ಕೂತರು. ಆಮೇಲೆ, "ನೀರಿನ ಬಾಟ್ಲಿ ಎರಡು ಇಟ್ಟುಕೋ" ಎಂದರು.

ಹೋಗುವ ದಿನ ನಾಲ್ಕು ಗಂಟೆಗೆ ಎದ್ದೆ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು ಎಲ್ಲ ಮಾಡಿ ಮುಚ್ಚಿಟ್ಟೆ. ನಾವು ಊರಿಗೆ ಹೋದ ದಿನ ಮನೆಯಲ್ಲಿ ಉಳಿದವರಿಗೆ ಹಬ್ಬದಡುಗೆ, ಇದು ಎಲ್ಲ ಮನೆಯ ಕಥೆ. ನಮ್ಮ ಗಂಟಿಗೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಉಳ್ಳಾಗಡ್ಡಿ. ನೀವೂ ಹೊರಟರೆ ಒಂದು ಮಾತು ನೆನಪಿಡಿ. ಹಿಂಡಿಯನ್ನು ಮೊಸರಿನಲ್ಲಿ ಕಲಸಿಕೊಂಡು ಹೋಗಬೇಡಿ, ಬಸ್ಸಿನ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ಒಣಗಿದ್ದನ್ನೇ ಒಯ್ದು, ತಿನ್ನುವಾಗ ಎಣ್ಣೆ ಹಾಕಿಕೊಳ್ಳಿ. ಎಣ್ಣೆಗೆ ಔಷಧದ ಸಣ್ಣ ಸೀಸೆ ತೊಳೆದಿಟ್ಟುಕೊಂಡರೆ ಸಾಕು, ಚೆಲ್ಲುವುದಿಲ್ಲ.

ಅತ್ತೆ ಆಧಾರ ಕಾರ್ಡನ್ನು ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದರು. ಕಂಡಕ್ಟರು ಬಂದಾಗ ಅಡಿಕೆ, ಸುಣ್ಣದ ಡಬ್ಬಿ, ಲವಂಗ, ಎಲ್ಲ ತೆಗೆದು ಮಡಿಲಲ್ಲಿ ಹರಡಿ ಕೊನೆಗೆ ಕಾರ್ಡು ಹೊರಗೆ ತೆಗೆದರು. ಅದಕ್ಕೆ ಸುಣ್ಣ ಹತ್ತಿತ್ತು. ಹುಡುಗ ಕಂಡಕ್ಟರು ನಗುತ್ತ ಉಗುರಿನಿಂದ ಸುಣ್ಣ ಕೆರೆದು ನೋಡಿ, "ಅಜ್ಜಿ, ಎಲ್ಲಿಗೆ?" ಎಂದ. ಅತ್ತೆ "ತವರಿಗೆ" ಎಂದರು. ನನಗೆ ಕಿಟಕಿಯ ಕಡೆ ಮುಖ ತಿರುಗಿಸಬೇಕಾಯಿತು.

ಘಟಪ್ರಭಾಕ್ಕೆ ಹೋಗಿ, ಅಲ್ಲಿಂದ ಬಸ್ಸು ಬದಲಿಸಿ ಡ್ಯಾಮು ಮುಟ್ಟಿದೆವು. ಅಣೆಕಟ್ಟು ಮುಗಿದದ್ದು 1977ರಲ್ಲಿ. ಅದಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿಟ್ಟಿದ್ದಾರೆ, ಆದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು ಹಿಡಕಲ್ ಡ್ಯಾಮೇ. ತುಂಬಿದಾಗ 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ನಾವು ಹೋದಾಗ ನೀರು ತಳಕ್ಕೆ ಇಳಿದಿತ್ತು. ಒಂದು ಟಂಟಂ ಹಿಡಿದು ಹುನ್ನೂರಿನ ಕಡೆ ಹೋದೆವು. ಆಷಾಢ ಏಕಾದಶಿಗೆ ಇನ್ನೂ ವಾರವಿತ್ತು. ಆದರೂ ಮಂದಿಯೋ ಮಂದಿ. ಚುರುಮುರಿ ಮಾರುವವರು, ಐಸಕ್ರೀಮಿನ ಗಾಡಿ, ಮೊಬೈಲು ಹಿಡಿದು ನಿಂತ ಹುಡುಗರು. ನಡುವೆ ಕಲ್ಲಿನ ಗುಡಿ. ಇಷ್ಟು ವರ್ಷ ನೀರಲ್ಲಿ ನಿಂತರೂ ಗೋಡೆ ಬಿದ್ದಿರಲಿಲ್ಲ.

ಅತ್ತೆ ಕಾಲಿನ ಚಪ್ಪಲಿ ಬಿಟ್ಟರು. ನೆಲವೆಲ್ಲ ಒಣಗಿ ಬಿರುಕು ಬಿಟ್ಟ ರೇವೆ. ಕಾಲಿಟ್ಟರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಗುಡಿಗೆ ಕೈ ಮುಗಿದು, ಹೊರಗೆ ಬಂದು, ಒಂದು ಕಡೆ ನಿಂತು ಸುತ್ತ ನೋಡಿದರು. ಅವರ ಊರು ಅಲ್ಲಿಂದ ಇನ್ನೂ ಮುಂದೆ, ಇನ್ನೂ ತಗ್ಗಿನಲ್ಲಿ. ಅಲ್ಲಿ ನೀರು ಇತ್ತು. ನಾನು ಏನೇನೋ ಅಂದುಕೊಂಡು ಬಂದಿದ್ದೆ. ಮನೆಯ ಪಾಯ ಕಾಣುತ್ತದೆ, ಒರಳುಕಲ್ಲು ಸಿಗುತ್ತದೆ, ಅತ್ತೆ ಅಳುತ್ತಾರೆ, ಸಮಾಧಾನ ಮಾಡಬೇಕು ಅಂತ. ಅಂಥದ್ದೇನೂ ಆಗಲಿಲ್ಲ. ಅವರು ಕೈಯೆತ್ತಿ ನೀರಿನ ಕಡೆ ತೋರಿಸಿ, "ಅಲ್ಲೆ ಅಗಸಿ ಇತ್ತು. ಅಗಸಿ ಮುಂದ ಬೇವಿನ ಗಿಡ. ನಮ್ಮಪ್ಪ ಅದರ ಬುಡಕ ಕುಂದರತಿದ್ದ" ಎಂದರು, ನೆರೆಮನೆ ತೋರಿಸುವಷ್ಟು ಸಲೀಸಾಗಿ. ನನಗೆ ಕಂಡದ್ದು ಬರೀ ನೀರು, ಅದರ ಮೇಲೆ ಎರಡು ಬೆಳ್ಳಕ್ಕಿ.

ರೊಟ್ಟಿ ಬಿಚ್ಚಿಕೊಂಡು ಕೂತಾಗ ಮಾತು ಬಂತು. ಅವರ ಮದುವೆಯಾಗಿ ಕೆಲವು ವರ್ಷವಾಗಿತ್ತಂತೆ, ಮೊದಲ ಬಾಣಂತನಕ್ಕೆ ಹೋದಾಗಲೇ ಊರು ಬಿಡಿಸುವ ಮಾತು. ಕೊನೆಯ ಸಲ ಹೋದಾಗ ಮನೆಯ ಮೇಲೆ ಮಾಳಿಗೆ ಇರಲಿಲ್ಲ. ಅಣ್ಣ ತೊಲೆ, ಜಂತಿ, ಬಾಗಿಲ ಚೌಕಟ್ಟು ಕಿತ್ತು ಬಂಡಿಗೆ ಹೇರಿದ್ದನಂತೆ. ಗೋಡೆಯಲ್ಲಿ ಅವ್ವನ ದೀಪದ ಗೂಡು ಮಾತ್ರ ಉಳಿದಿತ್ತು, ಎಣ್ಣೆ ಇಳಿದು ಕಪ್ಪಾದದ್ದು. "ಚೌಕಟ್ಟು ಒಯ್ದೀ, ಗೂಡು ಹೆಂಗ ಒಯ್ತೀ?" ಎಂದರು. ಪರಿಹಾರದ ದುಡ್ಡು ಯಾವಾಗ ಬಂತು, ಎಷ್ಟು ಬಂತು ಎಂದು ಅವರಿಗೆ ಗೊತ್ತಿಲ್ಲ. ಹೆಣ್ಣುಮಕ್ಕಳನ್ನು ಆಗ ಯಾರು ಕೇಳುತ್ತಿದ್ದರು? ಅಣ್ಣ ಒಕ್ಕಲುತನ ಬಿಟ್ಟು ಇಚಲಕರಂಜಿಗೆ ಮಗ್ಗದ ಕೆಲಸಕ್ಕೆ ಹೋದ. ಅಲ್ಲಿ ಒಂದೇ ಕೋಣೆಯ ಮನೆ. ತಂಗಿಯನ್ನು ಹಬ್ಬಕ್ಕೆ ಕರೆಸಿದರೆ ಮಲಗಿಸಲು ಜಾಗವಿಲ್ಲ. ಕರೆಯುವುದು ನಿಂತಿತು. ಆಮೇಲೆ ಅಣ್ಣನೂ ಹೋದ.

ಊಟ ಮುಗಿಸಿ ನೀರಿನ ಅಂಚಿಗೆ ಹೋದೆವು. ಅತ್ತೆ ಬಗ್ಗಿ ಕೈ ತೊಳೆದುಕೊಂಡರು, ಬೊಗಸೆಯಲ್ಲಿ ನೀರು ಹಿಡಿದು ನೋಡಿದರು.

"ಇದ ನೀರ ಹೌದಲ್ಲ ನಮ್ಮ ಕಬ್ಬಿಗೆ ಬರೂದು?"

ಸೋದರಿಯರೇ, ನಾನು ಹೈಸ್ಕೂಲು ಓದಿದವಳು. ಭೂಗೋಳದಲ್ಲಿ ಘಟಪ್ರಭೆ ಎಂದು ಬರೆದು ಅಂಕ ತೆಗೆದವಳು. ಹಿಡಕಲ್‌ನಲ್ಲಿ ಬಿಟ್ಟ ನೀರು ನದಿಯಲ್ಲಿ ಹರಿದು ಧೂಪದಾಳದ ಒಡ್ಡಿಗೆ ಬರುತ್ತದೆ. ಅದು ಬ್ರಿಟಿಷರ ಕಾಲದ ಒಡ್ಡು. ಅಲ್ಲಿಂದ ಎಡದಂಡೆ ಕಾಲುವೆಗೆ ತಿರುಗಿ ನಮ್ಮ ಸೀಮೆಯ ಹೊಲಗಳಿಗೆ ಬರುತ್ತದೆ. ಇದೆಲ್ಲ ನನಗೆ ಗೊತ್ತು. ಆದರೆ ಈ ತುದಿಗೆ ಆ ತುದಿ ಗಂಟು ಹಾಕಿರಲಿಲ್ಲ. ಕಾಲುವೆಗೆ ನೀರು ಬಿಟ್ಟ ದಿನ ನಮ್ಮ ಮನೆಯಲ್ಲಿ ಸಡಗರ. ಪಾಳಿ ರಾತ್ರಿ ಬಂದರೆ ಬ್ಯಾಟರಿ ಹಿಡಿದು ಅತ್ತೆಯೂ ಬದುವಿನ ಮೇಲೆ ನಿಂತಿರುತ್ತಿದ್ದರು. ಆ ಕಬ್ಬಿನ ದುಡ್ಡಿನಿಂದ ನನ್ನ ಬಳೆಯಾಯಿತು, ಮಕ್ಕಳ ಶಾಲೆಯಾಯಿತು, ಮೇಲಿನ ಮನೆ ಎದ್ದಿತು. ಅವರ ತವರನ್ನು ಮುಳುಗಿಸಿದ ನೀರನ್ನೇ ಅವರು ನಲವತ್ತು ವರ್ಷ ಸಲಿಕೆ ಹಿಡಿದು ನಮ್ಮ ಸಾಲಿಗೆ ತಿರುಗಿಸಿದ್ದರು. ನಾನು "ಹೌದ್ರಿ" ಎಂದೆ. ಬೇರೆ ಏನು ಹೇಳಲಿ? ಅತ್ತೆ ಬೊಗಸೆಯ ನೀರು ಚೆಲ್ಲಿ, ಸೆರಗಿನಿಂದ ಕೈ ಒರೆಸಿಕೊಂಡು, "ಹಂಗಾರ ಬಸ್ಸಿಗೆ ಹೊತ್ತಾತು, ನಡಿ" ಎಂದರು.

ಬರುವಾಗ ಬಸ್ಸಿನಲ್ಲಿ ನಿದ್ದೆ ಹೋದರು. ನನಗೆ ನಿದ್ದೆ ಬರಲಿಲ್ಲ.

ಇದಾದ ಮೇಲೆ ನಮ್ಮಿಬ್ಬರಿಗೂ ತಿರುಗುವ ಚಟ ಹತ್ತಿತು ಎಂದು ಊರವರು ಹೇಳುತ್ತಾರೆ. ಚಟವೇನಲ್ಲ, ವರ್ಷದಲ್ಲಿ ನಾಲ್ಕು ಸಲ. ಜುಲೈ ಕೊನೆಗೆ ಮಳೆ ಹಿಡಿಯಿತು. ಸಹ್ಯಾದ್ರಿಯ ಕಡೆ ಸುರಿದದ್ದು ಕೇಳಿ, ಜಲಪಾತ ತುಂಬಿದೆ ಎಂದು ಗೊತ್ತಾಗಿ, ಅಧಿಕ ಮಾಸದ ಒಂದು ಸೋಮವಾರ ಗೋಕಾಕ ಫಾಲ್ಸಿಗೆ ಹೋದೆವು. 170 ಅಡಿ ಮೇಲಿಂದ, ಕುದುರೆ ಲಾಳದ ಹಾಗೆ ಬಾಗಿದ ಬಂಡೆಯ ಅಂಚಿನಿಂದ, ಕೆಂಪು ನೀರು. ನೀರೆಂದು ಅನಿಸುವುದಿಲ್ಲ, ದೊಡ್ಡ ಕೊಪ್ಪರಿಗೆಯಲ್ಲಿ ಬೆಲ್ಲದ ಪಾಕ ಕುದಿದು ಉಕ್ಕಿದಂತೆ. ಮಾತು ಕೇಳಿಸುವುದಿಲ್ಲ, ಮುಖವೆಲ್ಲ ತುಂತುರು. ತೂಗುಸೇತುವೆಯ ಮೇಲೆ ಆ ದಿನ ಬಿಡಲಿಲ್ಲ. ನೀರಿನ ಅಬ್ಬರ ನೋಡಿದರೆ ಬಿಟ್ಟಿದ್ದರೂ ನಾನು ಹೋಗುತ್ತಿರಲಿಲ್ಲ. ಈ ನೀರಿನ ಬಲದಿಂದಲೇ ಅಲ್ಲಿ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದದ್ದು. ಅದೇ ನೀರಿನಿಂದ ಕರೆಂಟು ತೆಗೆದದ್ದೂ ಆ ಕಾಲದಲ್ಲೇ. ನಮ್ಮ ಮಾವನವರ ತಂದೆ ಆ ಗಿರಣಿಯ ಭೋಂಗಾ ಕೇಳಿ ಹೊತ್ತು ಹೇಳುತ್ತಿದ್ದರೆಂದು ಅತ್ತೆ ಹೇಳಿದರು. ಮುದುಕರ ಮಾತು, ಅಷ್ಟು ದೂರ ಕೇಳಿಸುತ್ತಿತ್ತೋ ಇಲ್ಲವೋ!

ಅಲ್ಲಿ ನಿಂತಾಗ ನನಗೆ 2019ರ ಆಗಸ್ಟ್ ನೆನಪಾಯಿತು. ಇದೇ ಘಟಪ್ರಭೆ, ಜೊತೆಗೆ ಮಾರ್ಕಂಡೇಯ, ಎರಡೂ ಉಕ್ಕಿ ಗೋಕಾಕದ ತಗ್ಗಿನ ಓಣಿಗಳಿಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕದ ದಾರಿ ನಮಗೆ ಬಂದಾಯಿತು. ನೀರಿಳಿದ ಮೇಲೆ ನಮ್ಮ ಬೀಗರ ಮನೆಯವರು ಮೈಮೇಲಿನ ಬಟ್ಟೆಯಲ್ಲಿ ನಮ್ಮಲ್ಲಿಗೆ ಬಂದರು. ಹದಿನೈದು ದಿನ ಇದ್ದರು. ಅವರ ಮನೆಯ ಬೀಗತಿ ಪ್ರತಿ ರಾತ್ರಿ ಅಳುತ್ತಿದ್ದರು, ಜೋಳದ ಚೀಲ ಹೋಯಿತು, ಮಗಳ ಮದುವೆಯ ಸೀರೆ ಹೋಯಿತು ಅಂತ. ನಮ್ಮ ಅತ್ತೆ ಅವರ ಪಕ್ಕ ಕೂತು ಬೆನ್ನು ಸವರುತ್ತ, "ನೀರು ಇಳಿದೈತಿ ಯವ್ವಾ, ಮನಿ ಐತಲ್ಲ, ತೊಳದರಾತು" ಎನ್ನುತ್ತಿದ್ದರು. ಆಗ ನನಗೆ ಅದು ಬರೀ ಸಮಾಧಾನದ ಮಾತಾಗಿ ಕೇಳಿತ್ತು.

ಇನ್ನು ಕುಮಟೆಯ ಸಂಗತಿ. ನಮ್ಮ ಸಣ್ಣ ನಾದಿನಿಯ ಗಂಡ ಅಲ್ಲಿ ಶಾಲೆಯ ಮಾಸ್ತರು. ನಮ್ಮ ಕಡೆಯ ಎಷ್ಟೋ ಹುಡುಗರು ಉತ್ತರ ಕನ್ನಡಕ್ಕೆ ಮಾಸ್ತರಾಗಿ ಹೋಗಿದ್ದಾರೆ, ನಿಮ್ಮ ಮನೆಯವರೂ ಇದ್ದಾರು. ಹತ್ತು ವರ್ಷದಿಂದ ಅವಳು ಕರೆಯುತ್ತಿದ್ದಳು, 2024ರ ಸಂಕ್ರಾಂತಿ ಮುಗಿಸಿ ಹೋದೆವು. ಹುಬ್ಬಳ್ಳಿ ದಾಟಿ, ಶಿರಸಿಯ ಮೇಲೆ ಹಾದು, ದೇವಿಮನೆ ಘಟ್ಟ ಇಳಿಯುವಾಗ ಅತ್ತೆ ನನ್ನ ಕೈ ಹಿಡಿದವರು ಬಿಡಲಿಲ್ಲ. ಅಷ್ಟು ಗಿಡ! ಸೂರ್ಯ ನೆಲಕ್ಕೆ ಬೀಳುವುದೇ ಇಲ್ಲ. "ಇಲ್ಲೆ ದನಾ ಕಳದರ ಹೆಂಗ ಹುಡುಕತಾರ?" ಎಂದು ಕೇಳಿದರು. ನಾನೂ ಅದನ್ನೇ ಯೋಚಿಸುತ್ತಿದ್ದೆ.

ಒಂದೇ ರಾಜ್ಯ, ಒಂದೇ ಭಾಷೆ, ಆದರೂ ಅಡಿಗೆಮನೆಗೆ ಕಾಲಿಟ್ಟರೆ ಬೇರೆ ದೇಶ. ನಮ್ಮಲ್ಲಿ ಬೆಳಿಗ್ಗೆ ಎದ್ದರೆ ರೊಟ್ಟಿ ಬಡಿಯುವ ಸಪ್ಪಳ, ಅಲ್ಲಿ ತೆಂಗಿನಕಾಯಿ ತುರಿಯುವ ಸಪ್ಪಳ. ಕಾಯಿ ಬೀಳದ ಪದಾರ್ಥವಿಲ್ಲ, ಒಗ್ಗರಣೆಗೂ ಕೊಬ್ಬರಿ ಎಣ್ಣೆ. ಕೆಂಪಗಿನ ಕುಚ್ಚಿಗೆ ಅಕ್ಕಿಯ ಗಂಜಿಗೆ ಉಪ್ಪಿನಕಾಯಿ ನಂಚಿಕೊಂಡು ಉಣ್ಣುತ್ತಾರೆ. ನಮ್ಮ ನಾದಿನಿ ಮಾತ್ರ ಇನ್ನೂ ತುಕ್ಕಾನಟ್ಟಿಯಿಂದಲೇ ಜೋಳದ ಹಿಟ್ಟು ತರಿಸುತ್ತಾಳೆ. ಹೊರಗೆ ನೋಡಿದರೆ ಮನೆಗೊಂದು ಬಾವಿ, ಕೆಂಪು ಕಲ್ಲಿನ ಕಟ್ಟೆ, ಕೈ ನೀಡಿದರೆ ನೀರು. ನಳಕ್ಕೆ ನೀರು ಯಾವಾಗ ಬಂದೀತೆಂದು ಕೊಡ ಸಾಲಿಗಿಟ್ಟು ಕಾಯುವ ನಮಗೆ ಹೊಟ್ಟೆಕಿಚ್ಚು ಬಾರದೆ ಇರುತ್ತದೆಯೇ? ಅಂದಹಾಗೆ ಪಕ್ಕದ ಮನೆಯಾಕೆ ನಾನು ಮಾಡಿದ ರೊಟ್ಟಿಯನ್ನು ನೋಡಿ, ಇಷ್ಟು ತೆಳ್ಳಗೆ ಕೈಯಿಂದಲೇ ಬಡಿದಿರಾ ಎಂದು ಎರಡು ಸಲ ಕೇಳಿದರು. ಅವರಿಗೆ ಐವತ್ತರ ಹತ್ತಿರ. ಘಟ್ಟ ಹತ್ತಿದ್ದು ಎರಡು ಮೂರು ಸಲವಂತೆ, ಅದೂ ಹುಬ್ಬಳ್ಳಿಯ ಆಸ್ಪತ್ರೆಗೆ. "ನಿಮ್ಮಲ್ಲಿ ನೆಲ ಮುಗಿದು ಆಕಾಶ ಶುರುವಾಗೂದು ಕಾಣ್ತದಂತೆ ಹೌದಾ? ನಮಗೆ ಎತ್ಲಾಗೆ ನೋಡಿದ್ರೂ ಮರ, ಗುಡ್ಡ" ಎಂದರು. ನಾನು ನಮ್ಮ ಎರೆಹೊಲವನ್ನು ಯಾರಾದರೂ ನೋಡಲು ಬಯಸುತ್ತಾರೆ ಎಂದು ಎಣಿಸಿರಲೇ ಇಲ್ಲ. ಬನ್ನಿ, ಬಸ್ಸು ಪುಕ್ಕಟೆ ಇದೆ ಎಂದು ಕರೆದು ಬಂದಿದ್ದೇನೆ.

ಮೂರನೆಯ ದಿನ ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ ಹೋದೆವು. ನೀರಿಳಿತದ ಹೊತ್ತು. ಸೀರೆ ಎತ್ತಿ ಕಟ್ಟಿದ ಹೆಂಗಸರು ಕೆಸರಿನಲ್ಲಿ ಬಗ್ಗಿ ಚಿಪ್ಪಿಮೀನು ಆಯುತ್ತಿದ್ದರು, ನಾವು ಹತ್ತಿ ಬಿಡಿಸುವ ಹಾಗೆಯೇ, ಸಾಲಾಗಿ, ಮಾತಾಡುತ್ತ. ಆ ಕಡೆ ಉಪ್ಪುನೀರಿನ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪು ನೀರಿಗೂ ಸಾಯದ ತಳಿಯಂತೆ. ನಮ್ಮಲ್ಲಿ ನೀರು ಹೆಚ್ಚಾಗಿ ಸವುಳಾದ ಹೊಲ ಎಷ್ಟಿಲ್ಲ? ನಮ್ಮ ಮನೆಯವರಿಗೆ ಹೇಳಬೇಕೆಂದು ಆ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡೆ. ಅತ್ತೆ ಸಮುದ್ರದ ನೀರನ್ನು ನಾಲಿಗೆಗೆ ಮುಟ್ಟಿಸಿ ಥೂ ಎಂದರು, ಆಮೇಲೆ ಹೊಳೆಯ ಕಡೆ ನೋಡುತ್ತ ಬಹಳ ಹೊತ್ತು ನಿಂತರು. ಮಾಸ್ತರನ್ನು ಕೇಳಿದರು.

"ಈ ಹೊಳಿಗೆ ಡ್ಯಾಮ್ ಎಲ್ಲೈತಿ?"

"ಇಲ್ರಿ ಅತ್ತಿ, ಈ ಹೊಳಿಗೆ ಡ್ಯಾಮ ಕಟ್ಟಿಲ್ಲ. ಶಿರಸಿ ಕಡೆ ಹುಟ್ಟಿ ಹಂಗ ಹರಕೊಂಡು ಬರತೈತಿ."

"ಹಂಗಾರ ಇಲ್ಲಿ ಹೆಣ್ಣುಮಕ್ಕಳು ಪಂಚಮಿಗೆ ತವರಿಗೆ ಹೋಗತಾರ ಬಿಡು" ಎಂದರು.

ಪಂಚಮಿಗೆ ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ, ಘಟ್ಟದ ಕೆಳಗೆ ಇದೆಯೋ ಇಲ್ಲವೋ. ಮಾಸ್ತರು ಅದನ್ನೇನೋ ಹೇಳಲು ಹೊರಟವರು ನಾದಿನಿಯ ಮುಖ ನೋಡಿ ಸುಮ್ಮನಾದರು.

ನನಗೆ ಆ ಮಾತು ಚುಚ್ಚಿತು, ಯಾಕೆಂದು ಹೇಳುತ್ತೇನೆ. ನಮ್ಮ ಸೀಮೆಯಲ್ಲಿ ನಾಗರ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಮದುವೆಯಾದಾಗಿನಿಂದ ನಾನು ಒಂದು ವರ್ಷವೂ ತಪ್ಪಿಸಿಲ್ಲ. ಪ್ರತಿ ವರ್ಷ ನನಗೆ ಉಂಡಿ ಕಟ್ಟಿಕೊಡುವವರು ಅತ್ತೆ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ಜೋಳದ ಅಳ್ಳಿನ ಹಿಟ್ಟು, ಒಂದೊಂದಕ್ಕೆ ಒಂದೊಂದು ಡಬ್ಬಿ. ನಾನು ಹೊರಟ ಮೇಲೆ ಮನೆಯಲ್ಲಿ ಅವರೊಬ್ಬರೇ ಹಾಲೆರೆದು, ಅಡಿಗೆ ಮಾಡಿ, ಗಂಡಸರಿಗೆ ಬಡಿಸಿ, ದನಕ್ಕೆ ನೀರು ಕುಡಿಸುತ್ತಿದ್ದರು. ಹಿಡಕಲ್ ನೋಡಿ ಬಂದ ಆ ವರ್ಷವಾದರೂ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಎರಡೇ ತಿಂಗಳಲ್ಲಿ ಪಂಚಮಿ ಬಂತು, ತಮ್ಮ ಮೋಟರ್ ಸೈಕಲ್ ತಂದ, ಹಿಂದೆ ಕೂತು ಹೋಗಿಬಿಟ್ಟೆ. ಅಭ್ಯಾಸ ಎನ್ನುವುದು ಕಣ್ಣಿಗೆ ಕಟ್ಟಿದ ಅರಿವೆಯಂತೆ ನೋಡಿ.

ಕುಮಟೆಯಿಂದ ಬಂದ ಮೇಲೆ ಇಚಲಕರಂಜಿಗೂ ಹೋಗಿ ಬಂದೆವು, ಅತ್ತೆಯ ಅತ್ತಿಗೆಯನ್ನು ನೋಡಲು. ಗಡಿ ದಾಟಿದರೆ ನಮ್ಮ ಶೂನ್ಯ ಟಿಕೀಟು ನಡೆಯುವುದಿಲ್ಲ. ಆದರೆ ಮಹಾರಾಷ್ಟ್ರದ ಎಸ್.ಟಿ. ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಂಗಸರಿಗೆ ಅರ್ಧ ಟಿಕೀಟು. ಆ ಮುದುಕಿಗೆ ಕಣ್ಣು ಕಾಣುವುದಿಲ್ಲ. ಇಬ್ಬರೂ ಕೈ ಕೈ ಹಿಡಿದು ಕೂತು, ಮಗ್ಗದ ಖಟಖಟದ ನಡುವೆ, ಊರಿನ ಮನೆಗಳನ್ನು ಅಗಸಿಯಿಂದ ಹಿಡಿದು ಒಂದೊಂದಾಗಿ ಎಣಿಸಿದರು. ಒಂದು ಮನೆಯ ಬಗ್ಗೆ ಜಗಳವೂ ಆಯಿತು, ಅದು ಬಾವಿಯ ಈಚೆಗಿತ್ತೋ ಆಚೆಗಿತ್ತೋ ಎಂದು. ನಾನು ಚಹಾ ಮಾಡಿ ಕೊಟ್ಟೆ. ಹಳೆಯ ಬಾಗಿಲ ಚೌಕಟ್ಟನ್ನು ಏನು ಮಾಡಿದಿರಿ ಎಂದು ಅತ್ತೆ ಕೇಳಲಿಲ್ಲ, ಅವರೂ ಹೇಳಲಿಲ್ಲ.

2024ರ ಪಂಚಮಿ ಆಗಸ್ಟ್ 9ಕ್ಕೆ ಬಂತು. ಎಂಟು ದಿನ ಮೊದಲೇ ತಮ್ಮನಿಗೆ ಫೋನು ಮಾಡಿ, "ಈ ಸಲ ಗಾಡಿ ತರಬ್ಯಾಡ, ನಾವು ಇಬ್ಬರು ಬಸ್ಸಿಗೆ ಬರತೀವಿ" ಎಂದೆ. ಅವನು, "ಅಕ್ಕಾ, ಮಾಮಾ ಬರತಾನೇನು?" ಎಂದು ಕೇಳಿದ. "ಮಾಮಾ ಅಲ್ಲ, ಅತ್ತಿ" ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕರಕೊಂಡು ಬಾ" ಎಂದ. ಅತ್ತೆಯನ್ನು ಒಪ್ಪಿಸುವುದೇ ಕಷ್ಟವಾಯಿತು. "ಸೊಸಿ ತವರಿಗೆ ಅತ್ತಿ ಹೋಗತಾಳೇನ? ಮಂದಿ ಏನಂದಾರು? ಇಲ್ಲಿ ಹಾಲೆರಿಯೋರು ಯಾರು?" ಎಲ್ಲ ಪ್ರಶ್ನೆಗೂ ನಮ್ಮ ಮನೆಯವರೇ ಉತ್ತರ ಕೊಟ್ಟರು, "ನಾನು ಎರಿತೀನಿ, ಹೋಗವ್ವಾ" ಎಂದು. ಆ ದಿನದ ಅಡಿಗೆ ಅಪ್ಪ ಮಗ ಇಬ್ಬರೂ ಸೇರಿ ಮಾಡಿದರಂತೆ. ಏನು ಮಾಡಿದರೆಂದು ನಾನು ಕೇಳಲಿಲ್ಲ, ಪಾತ್ರೆ ನೋಡಿದಾಗ ತಿಳಿಯಿತು. ತಳ ಹತ್ತಿದ್ದನ್ನು ತಿಕ್ಕಲು ಎರಡು ದಿನ ಬೇಕಾಯಿತು.

ಉಂಡಿಗಳನ್ನು ಆ ಸಲ ನಾನು ಕಟ್ಟಿದೆ. ಅತ್ತೆ ಒಂದನ್ನು ಮುರಿದು ಬಾಯಿಗಿಟ್ಟು, ಬೆಲ್ಲದ ಪಾಕ ಏರಿದೆ ಎಂದರು. ನಿಜ, ಏರಿತ್ತು. ಎಳೆ ಪಾಕಕ್ಕೆ ಇಳಿಸಬೇಕಿತ್ತು, ಮಾತಿನಲ್ಲಿ ಮರೆತೆ.

ತವರಿನಲ್ಲಿ ನಮ್ಮವ್ವ ಇಬ್ಬರಿಗೂ ಕಾಲಿಗೆ ನೀರು ಕೊಟ್ಟಳು. ಮಧ್ಯಾಹ್ನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ಮಕ್ಕಳು ಅತ್ತೆಯನ್ನು ಕೂರಿಸಿ ಮೆಲ್ಲಗೆ ತೂಗಿದರು. ಅವರು ಬ್ಯಾಡ ಬ್ಯಾಡ ಎನ್ನುತ್ತ ಹಗ್ಗ ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು, ಇಳಿಯಲಿಲ್ಲ. ಹೊರಡುವಾಗ ತಮ್ಮ ನನಗೊಂದು, ಅವರಿಗೊಂದು ಗುಳೇದಗುಡ್ಡದ ಕುಬಸದ ಕಣ ಉಡಿಗೆ ಹಾಕಿ, ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ. ಅತ್ತೆ ಅವನ ತಲೆ ಮುಟ್ಟಿ ಏನೋ ಅಂದುಕೊಂಡರು, ನನಗೆ ಕೇಳಿಸಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಕಣವನ್ನು ಬಿಚ್ಚಿ, ಬೆಳಕಿಗೆ ಹಿಡಿದು, ಅಂಚು ತಿರುವಿ ನೋಡಿ, ಮತ್ತೆ ಮಡಚಿ ಸಂಚಿಯಲ್ಲಿ ಆಧಾರ ಕಾರ್ಡಿನ ಪಕ್ಕಕ್ಕೆ ಇಟ್ಟುಕೊಂಡರು.

"ಬಣ್ಣ ಸುಮಾರೈತಿ" ಎಂದರು. "ಮುಂದಿನ ವರ್ಷ ಹಸರು ತಾ ಅಂತ ಹೇಳು ನಿನ್ನ ತಮ್ಮಗ."